ಥೋರಿಯಂ ಪೆಪ್ಪರಮೆಂಟು

"ಉಗುಳ್ರಿ ಅತ್ತಿ, ಮೊದಲ ಉಗುಳ್ರಿ."

ಸಿದ್ದಲಿಂಗೇಶ ಚೀರಿದ ದನಿಗೆ ಶಹಾಬಾದ್ ಸ್ಟೇಷನ್ನಿನಿಂದ ಹೊರಟಿದ್ದ ಗೂಡ್ಸ್ ಗಾಡಿ ಗಕ್ಕನೆ ನಿಂತಿತು. ಸುಳ್ಳಾದರೆ ಗಾರ್ಡನನ್ನೇ ಕೇಳಿ. ಅತ್ತೆ ರತ್ನಾಬಾಯಿ ಬಾಯಿಂದ ತೆಗೆದು ಅಂಗೈಯಲ್ಲಿಟ್ಟದ್ದು ರೂಪಾಯಿಯಗಲದ ಕಿತ್ತಳೆ ಬಣ್ಣದ ಬಿಲ್ಲೆ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೇಲೆ ಹೆಸರು ಕೆತ್ತುವ ಲೇಸರ್ ಯಂತ್ರದಿಂದ ಅಳಿಯ ಆಗಷ್ಟೇ ಬಿಚ್ಚಿ ಮೇಜಿನ ಮೇಲಿಟ್ಟಿದ್ದ ಹಳೆಯ ಲೆನ್ಸು.

"ಪೆಪ್ಪರಮೆಂಟ್ ಅನಕೊಂಡಿದ್ದೆ ಯಪ್ಪಾ. ಸಿಹಿನೇ ಇರಲಿಲ್ಲ. ಅಳಿಯನ ಅಂಗಡ್ಯಾಗ ಬಾಯಿಗಿಟ್ಟಿದ್ದು ಹೆಂಗ ಉಗುಳೋದಂತ ಚೀಪಲಿಕತ್ತಿದ್ದೆ."

ಆ ಲೆನ್ಸಿನ ಮೇಲಿದ್ದ ತೆಳು ಲೇಪ ಥೋರಿಯಂ ಫ್ಲೋರೈಡಿನದು. ಡಬ್ಬಿಯ ಮೇಲೆ ಹಾಗೆಂದು ಓದಿದ ದಿನದಿಂದ ಸಿದ್ದಲಿಂಗೇಶ ಗಿರಾಕಿಗಳೆದುರು ಎದೆ ಸೆಟೆಸಿ, "ಇದು ಯುರೇನಿಯಂನ ಖಾಸ ತಮ್ಮ. ಬಾಂಬಿನ ಖಾನ್‌ದಾನ್," ಎನ್ನುತ್ತಿದ್ದ. ಈಗ ಆ ಖಾನ್‌ದಾನ್ ಅತ್ತೆಯ ಹೊಟ್ಟೆಗಿಳಿದರೆ ಹೆಂಡತಿಗೆ ಏನು ಹೇಳುವುದು? ಅವನು ಫೋನಿಗೆ ಹಾರಿದ ರಭಸಕ್ಕೆ ಗೋಡೆಗೆ ಒರಗಿಸಿದ್ದ ಫರಸಿಗಳೆಲ್ಲ ಕಟಕಟ ಅಂದವು. ಸೇಡಂ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ವಂದನಾ ಮೇಡಂಗೆ ಫೋನ್ ಹಚ್ಚಿದ.

"ಅಂಜಬ್ಯಾಡ್ರಿ," ಎಂದರು ಮೇಡಂ. "ಅದು ನೀರಿನ್ಯಾಗ ಕರಗಂಗಿಲ್ಲ. ಒಂದೊಂದು ಥೋರಿಯಂ ಸುತ್ತ ಎಂಟು ಫ್ಲೋರಿನ್ ನಿಂತಿರ್ತಾವ. ಒಂದೊಂದು ಫ್ಲೋರಿನ್ ಆಜೂಬಾಜೂ ಇರೋ ಎರಡು ಥೋರಿಯಂ ಕೈ ಹಿಡಿದಿರ್ತದ. ಅಂಥ ಬಿಗಿ ಹರಳು ಉಗುಳಿಗೆ ಬಿಚ್ಚಂಗಿಲ್ಲ. ಲೆನ್ಸ್ ಇಡಿಯಾಗಿ ಅದ ಇಲ್ಲೋ?"

ತಿರುಗಿಸಿ ನೋಡಿದ. ಅಂಚು ಮುಕ್ಕಾಗಿತ್ತು, ಅದರ ಸುತ್ತ ಲೇಪ ಎದ್ದುಹೋಗಿತ್ತು. "ಇಲ್ರಿ ಮೇಡಂ. ಅತ್ತಿ ಕಡದು ನುಂಗ್ಯಾರ."

"ಯಾತರ್ಲೆ ಕಡೀಲಿ?" ರತ್ನಾಬಾಯಿ ಬಾಯಿ ತೆರೆದು ತೋರಿಸಿದರು. ಮಳಖೇಡದ ಪಾಳು ಕೋಟೆಯಲ್ಲಾದರೂ ನಾಲ್ಕು ಕಲ್ಲು ನಿಂತಿವೆ. ಈ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಸಿದ್ದಲಿಂಗೇಶ ಅದನ್ನೇ ಫೋನಿನಲ್ಲಿ ಹೇಳಿದ.

"ಹಂಗಾದ್ರ ಅವರು ಮುರಿದಿಲ್ಲ. ದವಾಖಾನ್ಯಾಗ ಒಮ್ಮೆ ತೋರಿಸ್ರಿ, ಸಾಕು," ಎಂದರು ಮೇಡಂ. ಸಿದ್ದಲಿಂಗೇಶ ಬಿಟ್ಟ ನಿಟ್ಟುಸಿರಿಗೆ ಬಾಗಿಲ ಪರದೆ ಪಕ್ಕದೂರಾದ ವಾಡಿಯವರೆಗೆ ಹಾರಿತು. ಅಷ್ಟರಲ್ಲಿ ಫೋನಿನಿಂದ ಮತ್ತೆ ಮೇಡಂ ದನಿ ಬಂತು: "ಮತ್ತ ಮುರದದ್ದು ಹೆಂಗ?"

"ಬಿಗಿಯಾಗಿ ಕುಂತಿತ್ರಿ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ."

"ಪುಡಿ ಉದುರಿತೇನು?"

"ಭಾಳ ಉದುರಿತ್ರಿ. ಎಲ್ಲಾ ಬಾಯಿಲೆ ಊದಿ ಸಾಫ್ ಮಾಡೀನಿ."

ಮೇಡಂ ಮೆಲ್ಲಗೆ ಹೇಳಿದರು: "ಹೊಟ್ಟಿಗಿ ಹೋದದ್ದು ಹೆಚ್ಚುಕಮ್ಮಿ ಹೊರಗ ಬೀಳ್ತದ್ರಿ. ಉಸಿರಿನ ಜೋಡಿ ಎದಿಯೊಳಗ ಹೋದದ್ದು ಅಲ್ಲೇ ಮನಿ ಮಾಡ್ತದ. ಊದಿದ ಮ್ಯಾಲ ನೀವು ಎಲ್ಲಿ ನಿಂತಿದ್ರಿ?"

ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಧೂಳು ಮಿಣಮಿಣ ತೇಲುತ್ತಿತ್ತು. ಅದರ ನಡುವೆಯೇ ನಿಂತಿದ್ದ ಸಿದ್ದಲಿಂಗೇಶ ಬಾಯಿ ಮುಚ್ಚಿ ಮೂಗು ಒತ್ತಿ ಹಿಡಿದ.

"ಯಾಕ್ರಿ ಯಪ್ಪಾ, ಮಾರಿ ನೀಲಿ ಆಗ್ಲಿಕತ್ತದ. ಉಸಿರು ತಗೋರಿ," ಎನ್ನುತ್ತ ರತ್ನಾಬಾಯಿ ಹತ್ತಿರ ಬಂದು, ಸೆರಗಿನಿಂದ ಜೋರಾಗಿ ಗಾಳಿ ಬೀಸತೊಡಗಿದರು.