ಹಿಟ್ಟಿನ ಕೋಳಿ

ಪಾರಿಸ ಕೋಳಿಯ ಕುತ್ತಿಗೆಗೆ ಚಾಕು ಇಟ್ಟದ್ದೇ ತಡ, ಅಡುಗೆಮನೆಯಿಂದ ಓಡಿಬಂದ ತಾರಾಬಾಯಿ ಮಗನ ಕೈ ಹಿಡಿದರು.

"ಲೇ, ಜೈನರ ಮನ್ಯಾಗ ಕೋಳಿ ಕಡೀತೀಯೇನ?"

"ಅವ್ವಾ, ಇದು ಗೋದಿ ಹಿಟ್ಟಿಂದು!"

"ಹಿಟ್ಟು ಕಡಿಯಾಕತ್ತೀಯೋ, ಕೋಳಿ ಕಡಿಯಾಕತ್ತೀಯೋ? ಮನಸಿನಾಗ ಏನೈತಿ ಅದನ್ನ ಹೇಳು."

ನಾಗರ ಪಂಚಮಿಯಿಂದ ಪಡಸಾಲೆಯ ಮೇಜಿನ ಮೇಲೆ ಪಾರಿಸನ ಬೊಂಬೆ ಸಿನಿಮಾ ನಡೆದಿತ್ತು: ಬೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಕ್ಯಾಮೆರಾದ ಗುಂಡಿ ಒಮ್ಮೆ ಒತ್ತುವುದು, ಮತ್ತೆ ಸರಿಸುವುದು. ಕಥೆಯ ಕೊನೆಯ ದೃಶ್ಯವನ್ನು ಎಲ್ಲಕ್ಕಿಂತ ಮೊದಲೇ ತೆಗೆದಾಗಿತ್ತು. ಅದರಲ್ಲಿ ಬೊಂಬೆ ನರಿ ಹೊಟ್ಟೆ ತುಂಬಿ ಮಲಗಿತ್ತು. ಏನು ತಿಂದು ತುಂಬಿತೆಂದು ತಾರಾಬಾಯಿ ಆಗ ಕೇಳಿರಲಿಲ್ಲ. ಕೋಳಿ ಹುಟ್ಟಿದ್ದು ಆಮೇಲೆ. ಈಗ ಉಳಿದದ್ದು ನರಿ ಅದರ ತಲೆ ಕೀಳುವುದೊಂದೇ. ಕಡ ತಂದ ಕ್ಯಾಮೆರಾ ಸಂಜೆಯ ಬಸ್ಸಿಗೆ ರಾಯಬಾಗಕ್ಕೆ ವಾಪಸು ಹೋಗಬೇಕು. ಕಿಟಕಿಯ ಬಿಸಿಲು ಆಗಲೇ ಮೇಜಿನ ಅಂಚಿಗೆ ಸರಿದಿತ್ತು.

ಪಾರಿಸ ಚಾಕು ಕೆಳಗಿಟ್ಟ. ಹೊಸ ಹಿಟ್ಟಿನಲ್ಲಿ ತಲೆಯಿಲ್ಲದ ಮೈ ಮಾಡಿದ. ತಲೆಯನ್ನು ಬೇರೆ ಮಾಡಿ ನರಿಯ ಬಾಯಿಗಿಟ್ಟ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ತಲೆಕೆಳಗಾಗಿ ಕಟ್ಟಿದ.

"ಕಡಿಯೂದ ಬ್ಯಾಡವ್ವಾ, ನೀನ ಬಾ. ನರಿ ಬಾಯಾಗಿನ ತಲಿ ಬಿಡಿಸಿ, ಒಂಚೂರ ಒಂಚೂರ ಸರಿಸಿ ಮೈಗೆ ಕೂಡ್ಸು. ನಾ ಅಂದಾಗ ಕೈ ತಗಿ."

"ಜೀವಾ ಉಳ್ಸೂದೇನ?"

"ಹೂಂ."

"ಹಂಗಾದ್ರ ಆತು. ಕ್ಯಾಮೆರಾ ಯಾಕ ಉಲ್ಟಾ ಕಟ್ಟೀದಿ?"

"ಅದು ಹಂಗ ಇರತೈತಿ."

ಹೊತ್ತು ಮುಳುಗುವುದರೊಳಗೆ ತಾರಾಬಾಯಿಯ ಊಟ ಆಗಬೇಕಿತ್ತು. ಆದರೂ ಅವರು ಮೇಜು ಬಿಟ್ಟೇಳಲಿಲ್ಲ. ತಲೆ ಮೈಗೆ ತಾಕಿದ ಕೂಡಲೇ, ಮತ್ತೆ ಬಿದ್ದೀತೆಂದು ಗಟ್ಟಿಯಾಗಿ ಒತ್ತಿ ಹಿಡಿದರು. "ಕೈ ತಗಿ" ಎನ್ನಲೂ ಪುರುಸೊತ್ತಿಲ್ಲದೆ ಪಾರಿಸ ಆರುವ ಬೆಳಕಿನಲ್ಲಿ ಗುಂಡಿ ಒತ್ತುತ್ತಲೇ ಹೋದ.

ಮುಂಬಯಿಯಲ್ಲಿ ತೊಳೆಸಿದ ಫಿಲ್ಮು ದೀಪಾವಳಿಯ ಹೊತ್ತಿಗೆ ಬಂತು. ಪಾರಿಸ ತಲೆ ಕೂಡಿಸಿದ ತುಣುಕನ್ನು ಬುಡಮೇಲಾಗಿ ತಿರುಗಿಸಿ, ಕೊನೆಯನ್ನು ಮೊದಲು ಮಾಡಿ ಅಂಟಿಸಿದ; ಉಲ್ಟಾ ತೆಗೆದ ಚಿತ್ರ ಈಗ ನೆಟ್ಟಗಾಯಿತು. ಮಧ್ಯಾಹ್ನ ಬಾಗಿಲು ಮುಚ್ಚಿ ಗೋಡೆಯ ಮೇಲೆ ಸಿನಿಮಾ ಬಿಟ್ಟ. ನೆರೆಮನೆಯ ಕಸ್ತೂರೆವ್ವ ಎಲ್ಲರಿಗಿಂತ ಮುಂದೆ ಕೂತಿದ್ದಳು.

ಕೋಳಿ ಬಂತು. ನರಿ ಬಂತು. ಆಮೇಲೆ ಹಸಿರು ಬಳೆಯ ಕೈಯೊಂದು ಕೋಳಿಯ ಕುತ್ತಿಗೆ ಹಿಡಿಯಿತು. ತಲೆ ಕಿತ್ತು ಬಂದು, ಮೆಲ್ಲಗೆ ಸರಿದು ನರಿಯ ಬಾಯಿ ಸೇರಿತು.

"ಅಯ್ಯ, ನರಿಗೆ ಯಾರೋ ಉಣಿಸಾಕತ್ತಾರಲ್ಲ!" ಎಂದು ಕಸ್ತೂರೆವ್ವ ನಕ್ಕಳು.

ಕತ್ತಲಲ್ಲಿ ತಾರಾಬಾಯಿ ಬಳೆ ಸದ್ದಾಗದಂತೆ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು.