ಮಂಗಳಮ್ಮ ಟೀಚರ್ ಕೈಯ ಒತ್ತು ಬ್ರೆಡ್

ಗೇಟು ದಾಟಿ ಚಪ್ಪಲಿ ಬಿಡುವಾಗಲೇ ಪ್ರೇಮಲತಾಳ ಮೂಗಿಗೆ ಗ್ಯಾಸಿನ ವಾಸನೆ ಬಡಿಯಿತು. ಪಕ್ಕದ ಮನೆಯದಿರಬೇಕು ಅಂದುಕೊಂಡು ಬೆಲ್ ಒತ್ತಿದಳು. ಸದ್ದಾಗಲಿಲ್ಲ. ಚನ್ನಗಿರಿಯಲ್ಲಿ ಮಧ್ಯಾಹ್ನದ ಕರೆಂಟ್ ಹೋಗಿತ್ತು. ಬಾಗಿಲು ತಳ್ಳಿದಳು. ವಾಸನೆ ಒಳಗಿನಿಂದಲೇ ಬರುತ್ತಿತ್ತು.

"ಯಾರು, ಪ್ರೇಮಾನಾ? ಬಾರೆ, ಬಾ!" ಅಡುಗೆಮನೆಯಿಂದ ಮಂಗಳಮ್ಮ ಟೀಚರ್ ದನಿ. "ಜಗಳೂರಿಂದ ಬರಾಕೆ ಇಷ್ಟು ಹೊತ್ತಾ? ನೀನು ಬರ್ತೀಯ ಅಂತ ಒತ್ತು ಬ್ರೆಡ್ ಮಾಡಾಕೆ ನಿಂತೀನಿ. ಈ ಲೈಟರ್ ಕೆಟ್ಟು ಕುಂತೈತೆ, ಬೆಂಕಿಪೆಟ್ಟಿಗೆ ಹುಡುಕೋದ್ರಾಗೆ ಸಾಕುಬೇಕಾತು ನೋಡು."

ಪ್ರೇಮಲತಾ ಅಡುಗೆಮನೆಯ ಹೊಸ್ತಿಲಿಗೆ ಬರುವಷ್ಟರಲ್ಲಿ ಟೀಚರ್ ಒಂದು ಕಡ್ಡಿ ಗೀರಿಯಾಗಿತ್ತು. ಅದು ಹೊತ್ತಲಿಲ್ಲ, ಮದ್ದು ಪುಡಿಪುಡಿಯಾಗಿ ಉದುರಿತು. "ಥೂ, ಥಂಡಿ ಹಿಡಿದೈತೆ" ಎನ್ನುತ್ತ ಅವರು ಎರಡನೆಯದನ್ನು ತೆಗೆದರು. ಒಲೆಯ ಮೇಲೆ ಉದ್ದ ಹಿಡಿಯ ಕಬ್ಬಿಣದ ಟೋಸ್ಟರ್ ಬಾಯಿ ಮುಚ್ಚಿಕೊಂಡು ಕುಳಿತಿತ್ತು. ಅದರ ಕೆಳಗಿನಿಂದ ಸಣ್ಣಗೆ, ಬಿಡದೆ, ಬುಸ್ ಎನ್ನುವ ಸದ್ದು.

ಪ್ರೇಮಲತಾ ಉಸಿರು ಬಿಗಿಹಿಡಿದಳು. ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ, ಮಲಗಿದ ರಾಕ್ಷಸನ ಮೀಸೆ ದಾಟಿ ಹೋಗುವ ಹುಡುಗಿ ಹೀಗೇ ಉಸಿರು ಕಟ್ಟಿಕೊಂಡಿರುತ್ತಿದ್ದಳು. ಎರಡೇ ಹೆಜ್ಜೆಗೆ ಹಾರಿ ಬಂದು, ಕಡ್ಡಿ ಪೆಟ್ಟಿಗೆ ಎರಡನ್ನೂ ಸೇರಿಸಿ ಟೀಚರ್ ಕೈಗಳನ್ನು ತನ್ನ ಮುಷ್ಟಿಯಲ್ಲಿ ಅಮುಕಿ ಹಿಡಿದಳು.

"ಏನೇ ಇದು? ಬಿಡೇ ಕೈನ, ಹುಚ್ಚಿ!"

"ಗ್ಯಾಸ್, ಟೀಚರ್... ಮನಿ ತುಂಬಾ ಗ್ಯಾಸ್ ತುಂಬೈತ್ರಿ."

ಮಂಗಳಮ್ಮ ಮುಖ ಎತ್ತಿ ಗಾಳಿ ಎಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ಮುಖದಲ್ಲಿ ಏನೂ ಬದಲಾಗಲಿಲ್ಲ. "ಎಲ್ಲೈತೆ?" ಎಂದರು, ಕಳೆದುಹೋದ ಮಗುವಿನ ಹಾಗೆ.

ಒಲೆಯ ಗುಂಡಿ, ಆಮೇಲೆ ಸಿಲಿಂಡರಿನ ರೆಗ್ಯುಲೇಟರ್, ಆಮೇಲೆ ಹಿತ್ತಿಲ ಬಾಗಿಲು. ಪ್ರೇಮಲತಾ ಮೊದಲೆರಡನ್ನು ಬಂದ್ ಮಾಡಿ, ಬಾಗಿಲನ್ನು ಪೂರ್ತಿ ತೆರೆದಳು. ಹೊರಗೆ ಎಳೆದುಕೊಂಡು ಬಂದು ಟೀಚರನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಅಷ್ಟಕ್ಕೆ ಭಯ ಮುಗಿಯಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಹಳೆಯ ಫ್ರಿಜ್ಜಿತ್ತು. ಕರೆಂಟ್ ಬಂದ ಕೂಡಲೇ ಅದು ಟಕ್ಕೆಂದು ಶುರುವಾಗುತ್ತದೆ. ಆ ಒಂದು ಕಿಡಿ ಸಾಕು.

ಎಂಟು ವರ್ಷದ ಹಿಂದೆ ಬೇಸಿಗೆ ಕ್ಲಾಸಿನಲ್ಲಿ ಟೀಚರ್‌ರ ಈ ಮೂಗನ್ನು ನಂಬಿಯೇ ಪ್ರೇಮಲತಾ ಮತ್ತು ಜೊತೆಯ ಹುಡುಗಿಯರೆಲ್ಲ ಅಡುಗೆ ಕಲಿತದ್ದು. ಬ್ರೆಡ್ಡಿಗೆ ಬೆಣ್ಣೆ, ನಡುವೆ ಆಲೂಗಡ್ಡೆ ಪಲ್ಯ, ಮೇಲೆ ಶೇಂಗಾ ಚಟ್ನಿಪುಡಿ, ಒತ್ತಿ ಮುಚ್ಚಿ ಬೆಂಕಿಯ ಮೇಲೆ. ಟೀಚರ್ ಒಲೆಗೆ ಬೆನ್ನು ಹಾಕಿ ಹರಟೆ ಹೊಡೆಯುತ್ತಲೇ "ಪ್ರೇಮಾ, ತಿರುವು, ಕೆಂಪಗಾತು" ಎನ್ನುತ್ತಿದ್ದರು. ತೆಗೆದು ನೋಡಿದರೆ ಕೆಂಪಗಾಗಿರುತ್ತಿತ್ತು. ಈಗ ಜಗಳೂರಿನ ಕಾಲೇಜಿನೆದುರು ಅದೇ ಬ್ರೆಡ್ ಮಾರುವ ಪ್ರೇಮಲತಾ, ಅದನ್ನು ಹೇಳಿ ಖುಷಿಪಡಿಸೋಣವೆಂದು ಬಂದಿದ್ದಳು.

"ಯಾವಾಗಿಂದ್ರಿ ವಾಸನೆ ಗೊತ್ತಾಗ್ತಿಲ್ಲ?"

"ದಸರಾಕ್ಕಿಂತ ಮುಂಚೆ ಜ್ವರ ಬಂದಿತ್ತು. ಅವಾಗ ಹೋದದ್ದು ಬರಲೇ ಇಲ್ಲ." ಮಂಗಳಮ್ಮ ನಗಲು ನೋಡಿದರು. "ಇಂಗು ಹಾಕಿದ್ರೂ ಅಷ್ಟೆ, ಮಣ್ಣು ಹಾಕಿದ್ರೂ ಅಷ್ಟೆ. ಈ ಮೂಗು ಇನ್ನು ಮೂಗುಬೊಟ್ಟು ಹಾಕಾಕೆ ಮಾತ್ರ ಕಣೆ."

"ಡಾಕ್ಟ್ರಿಗೆ ತೋರ್ಸಿದ್ರಾ? ಮನೇಲಿ ಯಾರಿಗಾರ ಹೇಳಿದ್ರಾ?"

"ಹೇಳಿದ್ರೆ? ವಾಸನೆ ಗೊತ್ತಾಗದ ಅಡುಗೆ ಟೀಚರ್ ಹತ್ರ ಯಾರು ಮಕ್ಳನ್ನ ಕಳಿಸ್ತಾರೆ? ಮೂವತ್ತು ವರ್ಷ ಆತು, ಸಾಯಂಕಾಲ ಈ ಮನ್ಯಾಗೆ ಹುಡುಗ್ರ ಗದ್ದಲ ಇಲ್ಲದ ದಿನಾನೇ ನಂಗೆ ಗೊತ್ತಿಲ್ಲ." ಅವರು ಪ್ರೇಮಲತಾಳ ಮೊಣಕೈ ಹಿಡಿದುಕೊಂಡರು. "ನಿನ್ನ ದಮ್ಮಯ್ಯ ಪ್ರೇಮಾ, ಬಾಯಿ ಬಿಡಬ್ಯಾಡ. ಇನ್ಮೇಲೆ ಗುಂಡಿ ಎರಡೆರಡು ಸಲ ನೋಡ್ತೀನಿ. ಇವತ್ತು ಒಂದು ಮರೆವು, ಅಷ್ಟೆ."

ಒಳಗೆ ಟಕ್ಕೆಂದಿತು.

ಇಬ್ಬರೂ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದರು. ಏನೂ ಆಗಲಿಲ್ಲ. ಫ್ರಿಜ್ಜು ತನ್ನ ಪಾಡಿಗೆ ಗುರ್ ಎನ್ನತೊಡಗಿತು. ಪ್ರೇಮಲತಾಳಿಗೆ ಅಳು ಬಂತು. ಒಂದು ಮರೆವು ಎಂದರೆ ಒಂದು ಮರೆವೇ ಇರಬಹುದು. ದೊಡ್ಡವರು, ಕಲಿಸಿದವರು ಇಷ್ಟು ಬೇಡಿಕೊಳ್ಳುವಾಗ ಹೇಗೆ ಇಲ್ಲವೆನ್ನುವುದು?

ಅಷ್ಟರಲ್ಲಿ ಮುಂದಿನ ಗೇಟು ಕಿರುಗುಟ್ಟಿತು. ನಾಲ್ಕು ಗಂಟೆಯ ಕ್ಲಾಸು. ಟೀಚರ್ ಗಡಬಡಿಸಿ ಎದ್ದು ನಲ್ಲಿಯ ಕಡೆ ಹೋದರು. "ನೀನು ನಡಿ. ತಲೆನೋವಂತೆ, ಇವತ್ತು ಕ್ಲಾಸ್ ಇಲ್ಲಂತೆ ಅನ್ನು. ನಾನು ಮುಖ ತೊಳಕೊಂಡು ಬಂದೆ."

ಪ್ರೇಮಲತಾ ಮನೆಯ ಪಕ್ಕದ ಸಂದಿಯಿಂದ ಮುಂದಕ್ಕೆ ಬಂದಳು. ಹತ್ತನೆಯ ಪರೀಕ್ಷೆ ಮುಗಿಸಿದ ವಯಸ್ಸಿನ ಮೂವರು ಹುಡುಗಿಯರು ನೋಟ್‌ಬುಕ್ ಎದೆಗವಚಿಕೊಂಡು ಗೇಟಿನ ಬಳಿಯೇ ನಿಂತಿದ್ದರು. ಎರಡು ಜಡೆಯವಳು ಉಳಿದಿಬ್ಬರನ್ನು ಕೈ ಅಡ್ಡ ಹಿಡಿದು ತಡೆದಿದ್ದಳು. ಅವಳ ಮೂಗು ಅರಳಿತ್ತು.

"ಅಕ್ಕಾ," ದನಿ ತಗ್ಗಿಸಿ ಕೇಳಿದಳು, "ಇವತ್ತೂ ಗ್ಯಾಸ್ ಬಿಟ್ಟಿದ್ರಾ?"

"ಇವತ್ತೂ ಅಂದ್ರೆ?"

"ಹೋದ ವಾರ ಎರಡು ಸಲ ಆತು. ನಾವೇ ಮೆಲ್ಲಕೆ ಗುಂಡಿ ತಿರುವಿ ಬಂದ್ ಮಾಡಿದ್ವಿ."

"ಟೀಚರಿಗೆ ಹೇಳಲಿಲ್ವೇನೆ?"

ಮಂಗಳಮ್ಮ ಒದ್ದೆ ಮುಖದಲ್ಲಿ ಸಂದಿಯ ತುದಿಗೆ ಬಂದು ನಿಂತಿದ್ದನ್ನು ಆ ಹುಡುಗಿ ನೋಡಿರಲಿಲ್ಲ.

"ಅವರಿಗೆ ಹೆಂಗೆ ಹೇಳೋದಕ್ಕಾ? ಪಾಪ, ಬೇಜಾರು ಮಾಡ್ಕೋತಾರೆ. ಏನಾರ ಆದ್ರೆ ಓಡಾಕೆ ಆಗ್ಲಿ ಅಂತ ನಾವು ಮೂರೂ ಜನ ದಿನಾ ಬಾಗಿಲ ಹತ್ರಾನೇ ಕುಂತ್ಕೋತೀವಿ."