ಎರಡನೇ ಗೆರೆ

ಒಂದು ಗೆರೆ ಬಂದರೆ ಕ್ಷೇಮ... ಎರಡು ಬಂದರೆ ಬಾಯಿ ಕ್ಯಾನ್ಸರ್ ಶುರುವಾಗಿದೆ ಎಂದರ್ಥ.

ಡಾ. ವಿನುತಾ ಆರು ವರ್ಷ ತಪಸ್ಸಿನಂತೆ ಕೂತು ಆ ಗೆರೆ ತೋರಿಸುವ ಕಾಗದದ ಪಟ್ಟಿ ಮಾಡಿದ್ದಳು. ಅದರಲ್ಲಿ ಕಣ್ಣಿಗೇ ಕಾಣದಷ್ಟು ಸಣ್ಣ ಚಿನ್ನದ ಕಣಗಳು. ಒಂದು ಹನಿ ಎಂಜಲು ಸಾಕು... ಸ್ಕ್ಯಾನ್ ಬೇಡ, ದೊಡ್ಡಾಸ್ಪತ್ರೆ ಬೇಡ. ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ!

ಲ್ಯಾಬಿನಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಮೊದಲ ಕ್ಯಾಂಪ್ ಹಾವೇರಿ ಕಡೆಯ ಒಂದು ಊರಲ್ಲಿ. ಬಂದವರೆಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು. ಖಾರದ ಘಾಟು ಮರೆಯಲು ದಿನವಿಡೀ ದವಡೆಯಲ್ಲಿ ತಂಬಾಕು ಇಟ್ಟುಕೊಳ್ಳುವವರು.

ನಲವತ್ತಮೂರು ಜನ. ಅಷ್ಟೂ ಜನಕ್ಕೆ ಒಂದೇ ಗೆರೆ! ಚಪ್ಪಾಳೆಯೋ ಚಪ್ಪಾಳೆ, ಫೋಟೋ ಮೇಲೆ ಫೋಟೋ...

ಸಂಕವ್ವ ಎಂಬ ಮುದುಕಿ ಮಾತ್ರ ಹೊರಡಲಿಲ್ಲ. "ಡಾಕ್ಟರ್ ಬಾಯಾರ, ಬಾಯೊಳಗ ಒಂದು ಹುಣ್ಣೈತ್ರೀ... ಮಾಯವಲ್ದು."

ವಿನುತಾ ಪಟ್ಟಿ ನೋಡಿದಳು. ಬಾಯಿ ನೋಡಲಿಲ್ಲ.

"ಏನಿಲ್ಲ ಅಜ್ಜಿ, ಆರಾಮಾಗಿರಿ."

ಎಂಟು ತಿಂಗಳ ಮೇಲೆ ಆ ಊರಿನಿಂದ ಫೋನ್ ಬಂತು. ಸಂಕವ್ವನ ದವಡೆ ಊದಿದೆ... ಆಸ್ಪತ್ರೆಯವರು ಕೈಚೆಲ್ಲಿದ್ದಾರೆ.

ಪಟ್ಟಿ ಯಾಕೆ ಸುಳ್ಳು ಹೇಳಿತು? ವಿನುತಾ ಇದ್ದ ಕೆಲಸ ಬಿಟ್ಟು ಓಡಿದಳು.

"ಇನ್ನೊಂದ್ಸಲ ಉಗುಳಿಕೊಡಿ ಅಜ್ಜಿ."

ಸಂಕವ್ವ ತಂಬಿಗೆ ಎತ್ತಿಕೊಂಡಳು. ನೋವಿನಲ್ಲೂ ಮೂರು ಸಲ ಬಾಯಿ ಮುಕ್ಕಳಿಸಿದಳು. ಸೆರಗಿನಿಂದ ತುಟಿ ಒರೆಸಿಕೊಂಡು, ಆಮೇಲೆ ಬಟ್ಟಲಿಗೆ ಉಗುಳಿದಳು.

ವಿನುತಾ ಆ ತಂಬಿಗೆಯನ್ನೇ ನೋಡಿದಳು. "ಅವತ್ತೂ... ಹೀಗೇ ಮಾಡಿದ್ರಾ?"

"ಮತ್ತ! ತಂಬಾಕಿನ ಎಂಜಲಾ ನಿಮ್ಮಂಥಾರ ಕೈಯಾಗ ಹ್ಯಾಂಗ ಕೊಡೂದ್ರೀ? ಎಲ್ಲಾರೂ ನಳದಾಗ ಬಾಯಿ ತೊಳಕೊಂಡ ಪಾಳಿ ಹಚ್ಚಿ ನಿಂತಿದ್ವಿ."

ಪಟ್ಟಿ ಹುಡುಕುತ್ತಿದ್ದ ರೋಗದ ಗುರುತೆಲ್ಲ ಆ ನೀರಿನಲ್ಲಿ ತೊಳೆದುಹೋಗಿತ್ತು. ಏನೂ ತಿನ್ನಬೇಡಿ ಎಂದು ಹೇಳಿದ್ದಳು ವಿನುತಾ... ತೊಳೆಯಬೇಡಿ ಎನ್ನುವುದು ಹೊಳೆದೇ ಇರಲಿಲ್ಲ. ಏನು ಓದಿ ಏನು ಬಂತು!

ಮುದುಕಿಯ ಕಾಲು ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

"ನೀವು ಅತ್ತರ ನನ್ನ ದವಡಿ ನೆಟ್ಟಗಾಗ್ತೈತೇನ್ರೀ?" ಸಂಕವ್ವನಿಗೆ ಸಿಟ್ಟು ಬಂದಿತ್ತು. ಒಲೆ ಮುಂದಿದ್ದ ಮಗಳನ್ನು ಕೂಗಿದಳು. "ಶಿವಲೀಲಾ, ಬಾ ಇಲ್ಲೆ... ಇಕೀದೂ ನೋಡ್ರಿ. ಅವತ್ತ ನನ್ನ ಹಿಂದ ನಿಂತು ಇಕೀನೂ ತೊಳಕೊಂಡಾಳ."

ಶಿವಲೀಲಾ ಈ ಸಲ ತೊಳೆಯದೆಯೇ, ನಾಚಿಕೊಂಡು ಉಗುಳಿದಳು.

ಹತ್ತು ನಿಮಿಷ... ಆರು ವರ್ಷ ಯಾವ ಎರಡನೇ ಗೆರೆಗಾಗಿ ಹಗಲಿರುಳು ದುಡಿದಿದ್ದಳೋ, ಅದು ಬರದಿರಲಪ್ಪಾ ದೇವರೇ ಎಂದು ವಿನುತಾ ಬೇಡಿಕೊಂಡಳು.

ಬಂತು.

"ಇಕೀಗಾದ್ರೂ ಟೈಮ್ ಐತೇನ್ರೀ ಬಾಯಾರ?" ಸಂಕವ್ವ ಮಗಳನ್ನು ಹತ್ತಿರ ಎಳೆದುಕೊಂಡಳು.

ಏನಿಲ್ಲ ಎನ್ನಲು ವಿನುತಾಳಿಗೆ ಬಾಯಿ ಬರಲಿಲ್ಲ. "ಗೊತ್ತಿಲ್ಲ ಅಜ್ಜಿ... ಈಗಲೇ ಆಸ್ಪತ್ರೆಗೆ ಹೊರಡೋಣ."

ಊರಲ್ಲಿ ಇನ್ನೂ ನಲವತ್ತೊಂದು ಜನ ಬಾಕಿ ಇದ್ದರು.

*

ಪಟ್ಟಿ ನೋಡಿ ಉತ್ತರ ಹೇಳುವ ಮೊದಲು, ಎದುರಿಗೆ ಕೂತವರನ್ನು ಒಂದು ಮಾತು ಕೇಳಿ.

ನೀವು ಕೊನೆಯ ಸಲ ಯಾರಿಗೆ "ಏನಿಲ್ಲ, ಆರಾಮಾಗಿರಿ" ಅಂದಿರಿ... ಅವರ ಮುಖ ನೋಡಿ ಅಂದಿರಾ?